ಗಂಟಿನ ಹೆಸರು ತಿಳಿಯುವ ಮುನ್ನ ತೀರ್ಪು ಬೇಡ

ನಾಯಿಯ ಮೈ ಸವರುವಾಗ ಕೈಗೆ ಗಂಟೊಂದು ಸಿಕ್ಕಿದರೆ ಕೊಡಗಿನ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ‘ಏನೂ ಇಲ್ಲ ಬಿಡಿ, ತೋಟದಲ್ಲಿ ಮುಳ್ಳು ಚುಚ್ಚಿರಬೇಕು’ ಎಂದು ತಿಂಗಳುಗಟ್ಟಲೆ ಹಾಗೇ ಬಿಡುತ್ತಾರೆ. ಇಲ್ಲವೇ ‘ಕ್ಯಾನ್ಸರ್ ಇರಬಹುದು’ ಎಂದು ಯಾರಾದರೂ ಅಂದ ಕೂಡಲೇ ಕೈಚೆಲ್ಲಿ, ಇಂಜೆಕ್ಷನ್ ಕೊಡಿಸಿ ಮಲಗಿಸುವ ಮಾತಿಗೆ ಇಳಿಯುತ್ತಾರೆ. ಮೇಲ್ನೋಟಕ್ಕೆ ಒಂದು ಉದಾಸೀನ, ಇನ್ನೊಂದು ಅವಸರ. ಆದರೆ ಎರಡರ ಹಿಂದಿರುವುದೂ ಒಂದೇ ಭಯ. ಆ ಪದವನ್ನು ಕೇಳಲು ಮನಸ್ಸಿಲ್ಲದವರು ಪರೀಕ್ಷೆ ಮಾಡಿಸುವುದಿಲ್ಲ, ಕೇಳಿ ಬೆದರಿದವರೂ ಪರೀಕ್ಷೆ ಮಾಡಿಸುವುದಿಲ್ಲ. ಶಂಕೆಗೂ ತೀರ್ಪಿಗೂ ನಡುವೆ ಸಣ್ಣ ಸೂಜಿಯೊಂದರ ಪರೀಕ್ಷೆ ಇದೆ. ಗಂಟಿಗೆ ತೆಳು ಸೂಜಿ ಚುಚ್ಚಿ, ಸಿರಿಂಜಿನಲ್ಲಿ ಬಂದ ನಾಲ್ಕು ಜೀವಕೋಶಗಳನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು, ಅಷ್ಟೇ. ಈ ಪರೀಕ್ಷೆ ಆಗದೆ ನಾಯಿಯ ಬಗ್ಗೆ ಯಾವ ನಿರ್ಧಾರವನ್ನೂ ಮಾಡಬಾರದು, ಇದನ್ನು ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಸಿಗುವಂತೆ ಮಾಡುವುದು ಸರ್ಕಾರದ ಹೊಣೆ ಎಂಬುದು ನನ್ನ ವಾದ.

ಕೊಡಗಿನಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಇಲ್ಲಿನ ಮಣ್ಣು, ಮಳೆ, ಕಾಡು ಮೂರೂ ಕ್ಯಾನ್ಸರಿನ ವೇಷ ಹಾಕಬಲ್ಲ ಬೇರೆ ಕಾಯಿಲೆಗಳನ್ನು ನಾಯಿಗೆ ಅಂಟಿಸುತ್ತವೆ. ಕತ್ತಿನ ಕೆಳಗೆ, ತೊಡೆಯ ಸಂದಿಯಲ್ಲಿ ದುಗ್ಧಗ್ರಂಥಿಗಳು ಊದಿಕೊಂಡು, ನಾಯಿ ಸೊರಗಿ, ಗುಲ್ಮ ದಪ್ಪವಾಗಿ, ಮೂಗಿನಿಂದ ರಕ್ತ ಬಂದರೆ ಅದು ಲಿಂಫೋಮಾ ಎಂಬ ಕ್ಯಾನ್ಸರ್ ಇರಬಹುದು. ಆದರೆ ಇವೇ ಲಕ್ಷಣಗಳನ್ನು ಉಣ್ಣೆಗಳಿಂದ ಬರುವ ಎರ್ಲಿಕಿಯಾ ಜ್ವರವೂ ತೋರಿಸುತ್ತದೆ. ಕಾಫಿ ಗಿಡಗಳ ನಡುವೆ, ಗದ್ದೆಯ ಬದುವಿನಲ್ಲಿ, ದನದ ಕೊಟ್ಟಿಗೆಯಲ್ಲಿ ದಿನವಿಡೀ ಅಲೆಯುವ ನಾಯಿಗೆ ಉಣ್ಣೆ ಹತ್ತದೆ ಇರುವುದು ಅಪರೂಪ. ಎರ್ಲಿಕಿಯಾವನ್ನು ಸಕಾಲದಲ್ಲಿ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಹಳೆಯ ಮಾತ್ರೆಯಿಂದ ನಾಯಿ ಚೇತರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಮೂಗಿನ ರಕ್ತಕ್ಕೆ ಇನ್ನೂ ಸರಳ ಕಾರಣ ಇರಬಹುದು. ತೋಡಿನ ನೀರು ಕುಡಿಯುವಾಗ ಇಂಬಳವೊಂದು ಮೂಗಿನ ಹೊಳ್ಳೆಯೊಳಗೆ ಸೇರಿ ವಾರಗಟ್ಟಲೆ ರಕ್ತ ಹೀರುತ್ತಾ ಕೂತಿರಬಹುದು. ಕಾಡುಹಂದಿಯ ದಾಡೆ ತಾಗಿದ ಜಾಗ ಮೇಲೆ ಮಾಯ್ದು ಒಳಗೆ ಕೀವು ಕಟ್ಟಿದರೂ ಅದು ಗಟ್ಟಿ ಗೆಡ್ಡೆಯಂತೆಯೇ ಕೈಗೆ ಸಿಗುತ್ತದೆ. ವಯಸ್ಸಾದ ಲ್ಯಾಬ್ರಡಾರ್‌ಗಳ ಎದೆ, ಪಕ್ಕೆಗಳಲ್ಲಿ ಕಾಣುವ ಮೆತ್ತನೆಯ, ಚರ್ಮದಡಿ ಜಾರುವ ಗಂಟು ಬಹುಪಾಲು ಕೊಬ್ಬಿನ ಗಂಟು, ಅದನ್ನು ಇಟ್ಟುಕೊಂಡೇ ಅವು ನಿಶ್ಚಿಂತೆಯಿಂದ ಬಾಳುತ್ತವೆ. ಹಾಗೆಂದು ಮೆತ್ತಗಿರುವುದೆಲ್ಲ ಕೊಬ್ಬು ಎಂದು ನಂಬಿದರೂ ಅಪಾಯವೇ. ಪಗ್, ಬಾಕ್ಸರ್, ಲ್ಯಾಬ್ರಡಾರ್‌ಗಳಲ್ಲಿ ಕಾಣುವ ಮಾಸ್ಟ್ ಸೆಲ್ ಗೆಡ್ಡೆ ಕೆಲವೊಮ್ಮೆ ಥೇಟ್ ಕೊಬ್ಬಿನ ಗಂಟಿನಂತೆಯೇ ಇರುತ್ತದೆ. ಅನುಭವಿ ವೈದ್ಯರ ಬೆರಳಿಗೂ ಈ ಎರಡರ ವ್ಯತ್ಯಾಸ ಸಿಗುವುದಿಲ್ಲ, ಮೈಕ್ರೋಸ್ಕೋಪಿನಡಿ ಸಿಗುತ್ತದೆ.

ಈ ವಾದಕ್ಕೆ ಅತಿ ಬಲವಾದ ಸಾಕ್ಷಿ ಎಂದರೆ ನಮ್ಮ ಬೀದಿ, ತೋಟಗಳಲ್ಲಿ ಸಾಮಾನ್ಯವಾಗಿರುವ ಒಂದು ಕ್ಯಾನ್ಸರ್. ನಾಯಿಯ ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ತೊಟ್ಟಿಕ್ಕಿಸುವ ಇದನ್ನು ವೈದ್ಯರು ಟಿವಿಟಿ ಎನ್ನುತ್ತಾರೆ. ಕೂಡುವಾಗ, ನೆಕ್ಕುವಾಗ, ಮೂಸುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುತ್ತದೆ, ಹಾಗಾಗಿ ಮೂಗು, ಬಾಯಿಯಲ್ಲೂ ಕಾಣಿಸಿಕೊಳ್ಳುತ್ತದೆ. ಇದನ್ನು ಹರಡುವುದು ವೈರಸ್ ಅಲ್ಲ, ಬ್ಯಾಕ್ಟೀರಿಯಾ ಅಲ್ಲ. ಜೀವಂತ ಕ್ಯಾನ್ಸರ್ ಕೋಶಗಳೇ ಒಂದು ಮೈಯಿಂದ ಮತ್ತೊಂದು ಮೈಗೆ ನಾಟಿಯಾಗುತ್ತವೆ. ರಷ್ಯಾದ ಪಶುವೈದ್ಯ ನೊವಿನ್ಸ್ಕಿ 1876ರಲ್ಲೇ ಗೆಡ್ಡೆಯ ಚೂರನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ನೆಟ್ಟು ಇದನ್ನು ತೋರಿಸಿದ್ದ. 43 ದೇಶಗಳ 546 ಗೆಡ್ಡೆಗಳ ಡಿಎನ್‌ಎ ಓದಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ಇವೆಲ್ಲವೂ ಏಷ್ಯಾದಲ್ಲಿ 4,000ದಿಂದ 8,500 ವರ್ಷಗಳ ಹಿಂದೆ ಬದುಕಿದ್ದ ಒಂದೇ ಒಂದು ನಾಯಿಯ ಕೋಶಗಳ ಸಂತತಿ ಎಂದು ಕಂಡುಕೊಂಡಿತು. ಸಹಜ ನಾಯಿಯ ಕೋಶದಲ್ಲಿ 78 ಕ್ರೋಮೋಸೋಮುಗಳಿದ್ದರೆ ಈ ಗೆಡ್ಡೆಯ ಕೋಶದಲ್ಲಿ 60ರ ಆಸುಪಾಸು ಮಾತ್ರ ಇರುತ್ತವೆ. ಅಂದರೆ ಗೋಣಿಕೊಪ್ಪದ ಮಾರುಕಟ್ಟೆಯಲ್ಲಿ ಇಂಥ ಗೆಡ್ಡೆ ಹೊತ್ತು ತಿರುಗುವ ನಾಯಿಯ ಮೈಯಲ್ಲಿ ಬೆಳೆಯುತ್ತಿರುವುದು ಅದರದೇ ಮಾಂಸವಲ್ಲ, ಸಾವಿರಾರು ವರ್ಷಗಳ ಹಿಂದೆ ಸತ್ತ ಇನ್ನೊಂದು ನಾಯಿಯದು.

ವಿಸ್ಮಯ ಅದರ ಪಾಡಿಗೆ ಇರಲಿ, ನಮಗೆ ಮುಖ್ಯವಾದದ್ದು ಬೇರೆ. ಕಣ್ಣಿಗೆ ಇಷ್ಟು ಭೀಕರವಾಗಿ ಕಾಣುವ ಈ ಕ್ಯಾನ್ಸರ್ ಬಹುಪಾಲು ನಾಯಿಗಳಲ್ಲಿ ಪೂರ್ತಿ ಗುಣವಾಗುತ್ತದೆ. ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಟ್ಟರೆ ಹೆಚ್ಚಿನವುಗಳಲ್ಲಿ ಮೂರರಿಂದ ಆರು ವಾರಗಳೊಳಗೆ ಗೆಡ್ಡೆ ಕರಗಿಹೋಗುತ್ತದೆ. ಅಂಗಳದ ಅಂಚಿನಲ್ಲಿ ಅರಳುವ ನಿತ್ಯಪುಷ್ಪದ ಗಿಡದಿಂದ ಮೊದಲು ಬೇರ್ಪಡಿಸಿದ ಔಷಧ ಅದು. ಮನುಷ್ಯರ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ, ದೊಡ್ಡ ದುಬಾರಿಯದೂ ಅಲ್ಲ. ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸುಟ್ಟುಹೋಗುವುದರಿಂದ ಕೈ ಪಳಗಿದ ವೈದ್ಯರೇ ಕೊಡಬೇಕು. ಕೊಟ್ಟ ಮೇಲೆ ಕೆಲವು ದಿನ ನಾಯಿಯ ಮಲಮೂತ್ರವನ್ನು ಕೈಗವಸು ಹಾಕಿಯೇ ತೆಗೆಯಬೇಕು, ಗರ್ಭಿಣಿಯರು, ಮಕ್ಕಳು ಅದರ ಬಳಿ ಸುಳಿಯಬಾರದು. ಇಷ್ಟು ಎಚ್ಚರ ಸಾಕು. ಈ ಗೆಡ್ಡೆಯ ಕೋಶಗಳು ಸ್ಲೈಡಿನ ಮೇಲೆ ದುಂಡಗೆ, ಒಳಗೆ ಸಾಲುಸಾಲು ಗುಳ್ಳೆಗಳೊಂದಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತವೆ ಎಂದರೆ ಗುರುತಿಸಲು ದೊಡ್ಡ ಲ್ಯಾಬ್ ಬೇಕಿಲ್ಲ. ಹೀಗಿರುವಾಗ ರಕ್ತ ಸೋರುವ ನಾಯಿಯನ್ನು ಅಸಹ್ಯವೆಂದು ಮನೆಯಿಂದ ದೂರ ಬಿಟ್ಟು ಬರುವುದು, ‘ಕ್ಯಾನ್ಸರ್ ಅಲ್ವಾ, ಇನ್ನೇನು ಮಾಡೋದು’ ಎಂದು ಮುಗಿಸಿಬಿಡುವುದು, ಗುಣವಾಗುವ ಕಾಯಿಲೆಗೆ ಮರಣದಂಡನೆ ಕೊಟ್ಟಂತೆ. ಹಾಗೆ ದೂರ ಬಿಟ್ಟ ನಾಯಿ ಕಾಯಿಲೆಯನ್ನು ಇನ್ನಷ್ಟು ನಾಯಿಗಳಿಗೆ ದಾಟಿಸುತ್ತದೆ, ತೋಟದ ಬೇಲಿ ನುಸುಳಿ ಅದು ಸಾಕಿದ ನಾಯಿಗಳಿಗೂ ಬರುತ್ತದೆ. ಬೀದಿನಾಯಿಗಳ ಸಂತಾನಹರಣವನ್ನು ಸ್ಥಳೀಯ ಸಂಸ್ಥೆಗಳ ಹೊಣೆಯಾಗಿಸಿದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳನ್ನು ರೇಬೀಸ್ ಮತ್ತು ಕಡಿತದ ಲೆಕ್ಕದಲ್ಲಿ ಮಾತ್ರ ನೋಡುತ್ತೇವೆ. ಈ ಕ್ಯಾನ್ಸರಿನ ಸರಪಳಿ ಕಡಿಯಲು ಇರುವ ದಾರಿಯೂ ಅದೇ.

ಹೆಣ್ಣುನಾಯಿಗಳ ಮೊಲೆಯ ಗಂಟು ಇದಕ್ಕಿಂತ ಕಠಿಣ ವಿಷಯ, ಇಲ್ಲಿ ನನ್ನ ವಾದಕ್ಕೂ ಒಂದು ಮಿತಿಯಿದೆ. ಮೊಲೆಯ ಗೆಡ್ಡೆಯಲ್ಲಿ ಸೂಜಿ ಪರೀಕ್ಷೆ ಒಳ್ಳೆಯದು ಕೆಟ್ಟದ್ದನ್ನು ಖಚಿತವಾಗಿ ಬೇರ್ಪಡಿಸುವುದಿಲ್ಲ. ಗೆಡ್ಡೆ ತೆಗೆಸಿ ಅದರ ಚೂರನ್ನು ಪರೀಕ್ಷಿಸಿದಾಗಲೇ ನಿಜ ಗೊತ್ತಾಗುವುದು. ನಾಯಿಗಳ ಮೊಲೆಯ ಗೆಡ್ಡೆಗಳಲ್ಲಿ ಸರಿಸುಮಾರು ಅರ್ಧ ಮಾತ್ರ ಮಾರಕ ಎಂದು ಪಶುವೈದ್ಯ ಪಠ್ಯಗಳು ಬಹುಕಾಲದಿಂದ ಹೇಳುತ್ತಾ ಬಂದಿವೆ. ಮಾರಕವಾದವುಗಳಲ್ಲೂ ಮೂರು ಸೆಂಟಿಮೀಟರಿಗಿಂತ ಚಿಕ್ಕದಿರುವಾಗ ತೆಗೆಸಿದರೆ ನಾಯಿ ಬದುಕುವ ಸಾಧ್ಯತೆ ಹೆಚ್ಚು. ಅಂದರೆ ಅಡಿಕೆ ಗಾತ್ರದಲ್ಲಿ ಕಂಡದ್ದನ್ನು ಕಿತ್ತಳೆ ಗಾತ್ರ ಆಗುವವರೆಗೆ ಕಾಯುವುದೇ ಅಪಾಯ. ತೆಗೆದ ಗೆಡ್ಡೆಯನ್ನು ಕಸಕ್ಕೆ ಎಸೆಯುವುದು ಇನ್ನೊಂದು ತಪ್ಪು. ಶೇಕಡಾ 10ರ ಫಾರ್ಮಲಿನ್ ದ್ರಾವಣ ತುಂಬಿದ ಅಗಲ ಬಾಯಿಯ ಡಬ್ಬಿಯಲ್ಲಿ ಅದರ ಚೂರನ್ನು ಹಾಕಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಹಾಸನದ ಕಾಲೇಜಿಗೋ ಕಳಿಸಿದರೆ ಹೆಸರು ಸಿಗುತ್ತದೆ. ಆ ಚೂರು ಪಾರ್ಸಲಿನಲ್ಲಿ ಹೋಗಬಹುದು, ನಾಯಿಯೇ ಹೋಗಬೇಕಾಗಿಲ್ಲ.

ಮೊಲೆಯ ಕ್ಯಾನ್ಸರನ್ನು ತಡೆಯುವ ಬಗ್ಗೆಯೂ ನಮ್ಮಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ‘ಒಂದು ಸಲವಾದರೂ ಮರಿ ಹಾಕಲಿ, ಆಮೇಲೆ ಆಪರೇಷನ್.’ ಒಮ್ಮೆ ಮರಿ ಹಾಕಿದರೆ ಕ್ಯಾನ್ಸರ್ ಬರುವುದಿಲ್ಲ ಎನ್ನುವುದಕ್ಕೆ ಆಧಾರವಿಲ್ಲ. ಅಮೆರಿಕದ ಶ್ನೈಡರ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಂತಾನಹರಣ ಮಾಡಿಸದ ಹೆಣ್ಣುನಾಯಿಗೆ ಹೋಲಿಸಿದರೆ ಮೊದಲ ಬೆದೆಗೆ ಮುನ್ನ ಮಾಡಿಸಿದವುಗಳಲ್ಲಿ ಅಪಾಯ ಶೇ 0.5ರಷ್ಟು, ಒಂದು ಬೆದೆಯ ನಂತರ ಶೇ 8, ಎರಡರ ನಂತರ ಶೇ 26. ಈ ಅಂಕಿಗಳ ಬಲದ ಬಗ್ಗೆ ಸಂಶೋಧಕರಲ್ಲೇ ಆಮೇಲೆ ಆಕ್ಷೇಪ ಎದ್ದಿದೆ. ರಾಟ್‌ವೈಲರ್‌ನಂಥ ದೊಡ್ಡ ತಳಿಗಳಲ್ಲಿ ತೀರಾ ಎಳೆಯದರಲ್ಲೇ ಮಾಡಿಸಿದರೆ ಮೂಳೆಯ ಕ್ಯಾನ್ಸರಿನ ಅಪಾಯ ಹೆಚ್ಚಬಹುದು ಎಂಬ ಅಧ್ಯಯನವೂ ಇದೆ. ಹಾಗಾಗಿ ಯಾವಾಗ ಎಂಬುದನ್ನು ತಳಿ ನೋಡಿ ವೈದ್ಯರೊಂದಿಗೆ ಮಾತಾಡಿಯೇ ನಿರ್ಧರಿಸಬೇಕು. ಆದರೆ ಆಪರೇಷನ್ ಬೇಡವೆಂದು ಬೆದೆ ತಡೆಯುವ ಹಾರ್ಮೋನ್ ಇಂಜೆಕ್ಷನ್ ಕೊಡಿಸುವುದನ್ನು ಮಾತ್ರ ನಿಲ್ಲಿಸಲೇಬೇಕು. ಅದು ಮೊಲೆಯ ಗೆಡ್ಡೆ, ಗರ್ಭಕೋಶದ ಕೀವು ಎರಡರ ಅಪಾಯವನ್ನೂ ಹೆಚ್ಚಿಸುತ್ತದೆ.

ಸೂಜಿಯ ಬಗ್ಗೆ ಮೊದಲು ಬರುವ ಆಕ್ಷೇಪ ಎಲ್ಲರಿಗೂ ಪರಿಚಿತ: ‘ಗಂಟಿಗೆ ಕೈ ಹಾಕಿದರೆ ಕೆರಳುತ್ತದೆ.’ ಮನುಷ್ಯರ ಕ್ಯಾನ್ಸರಿನ ಬಗ್ಗೆಯೂ ಈ ನಂಬಿಕೆ ಇದೆ, ಇದು ಹುಟ್ಟಿದ ಬಗೆ ಅರ್ಥವಾಗದ್ದೇನಲ್ಲ. ಗೆಡ್ಡೆ ಬಹಳ ಬೆಳೆದ ಮೇಲೆ ಪರೀಕ್ಷೆಗೆ ಹೋಗುತ್ತಾರೆ, ಪರೀಕ್ಷೆಯ ಬೆನ್ನಲ್ಲೇ ಸಾವು ಬರುತ್ತದೆ, ತಪ್ಪು ಸೂಜಿಯ ಮೇಲೆ ಬೀಳುತ್ತದೆ. ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿ ಸೂಜಿಯ ದಾರಿಯಲ್ಲಿ ಕೋಶಗಳು ಹರಡಿದ ನಿದರ್ಶನಗಳಿವೆ, ಅಲ್ಲಿ ವೈದ್ಯರು ಬೇರೆ ವಿಧಾನ ಬಳಸುತ್ತಾರೆ. ಚರ್ಮದ ಮೇಲಿನ, ಚರ್ಮದಡಿಯ ಗಂಟುಗಳಲ್ಲಿ ಈ ಭಯಕ್ಕೆ ಜಾಗವಿಲ್ಲ. ನಿಜವಾಗಿ ಕೆರಳಿಸುವುದು ಪರೀಕ್ಷೆಯಿಲ್ಲದ ಮದ್ದು. ಗಂಟಿನ ಮೇಲೆ ಸುಣ್ಣ ಹಚ್ಚುವುದು, ಬುಡಕ್ಕೆ ದಾರ ಬಿಗಿದು ಕಟ್ಟುವುದು, ಹುಣ್ಣಾದಾಗ ಹುಳ ಬೀಳಲು ಬಿಡುವುದು, ಇವು ನಾಯಿಗೆ ನೋವು ಕೊಡುತ್ತವೆ, ದಿನ ಕಳೆಯುತ್ತವೆ. ಔಷಧದಂಗಡಿಯಿಂದ ಕೇಳಿ ತಂದು ಹಾಕುವ ಪ್ರೆಡ್ನಿಸೋಲೋನ್ ಮಾತ್ರೆಯ ಅಪಾಯ ಇನ್ನೂ ಸೂಕ್ಷ್ಮ. ಲಿಂಫೋಮಾ ಇದ್ದರೆ ಗ್ರಂಥಿಗಳು ಅದರಿಂದ ತಾತ್ಕಾಲಿಕವಾಗಿ ಇಳಿದು ಎಲ್ಲ ಸರಿಹೋದಂತೆ ಕಾಣುತ್ತದೆ. ಆದರೆ ಆಮೇಲೆ ರೋಗ ಪತ್ತೆ ಕಷ್ಟವಾಗುತ್ತದೆ, ಕ್ಯಾನ್ಸರ್ ಔಷಧಗಳಿಗೆ ಗೆಡ್ಡೆ ಬಗ್ಗುವುದೂ ಕಡಿಮೆಯಾಗುತ್ತದೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ಗೌರವ ಕೊಡಬೇಕು, ಏಕೆಂದರೆ ಅದರಲ್ಲಿ ನ್ಯಾಯದ ಪ್ರಶ್ನೆ ಇದೆ. ಪಶು ಆಸ್ಪತ್ರೆ ಇರುವುದು ಹಾಲು ಕೊಡುವ, ಗೊಬ್ಬರ ಕೊಡುವ ದನಗಳಿಗೆ. ಲೈನ್‌ಮನೆಯಲ್ಲಿರುವ ಕೂಲಿಯವರಿಗೇ ಸರಿಯಾದ ಚಿಕಿತ್ಸೆ ಸಿಗದಿರುವಾಗ ನಾಯಿಯ ಕ್ಯಾನ್ಸರಿಗೆ ಸರ್ಕಾರದ ದುಡ್ಡೇಕೆ ಎಂದು ಕೇಳುವವರಿದ್ದಾರೆ. ನಾನು ಕೇಳುತ್ತಿರುವುದು ದುಬಾರಿ ಸ್ಕ್ಯಾನಿಂಗ್ ಯಂತ್ರವಲ್ಲ, ವಿಕಿರಣ ಚಿಕಿತ್ಸಾ ಘಟಕವೂ ಅಲ್ಲ. ಹಸುವಿನ ಥೈಲೇರಿಯಾ, ಬಬೇಸಿಯಾ ಜ್ವರಗಳನ್ನು ಪತ್ತೆ ಹಚ್ಚಲು ರಕ್ತದ ಹನಿಯನ್ನು ಹರಡುವ ಸ್ಲೈಡು, ಅದಕ್ಕೆ ಹಾಕುವ ಜೀಮ್ಸಾ ಬಣ್ಣ, ಅದನ್ನು ನೋಡುವ ಮೈಕ್ರೋಸ್ಕೋಪು, ಇವೇ ಸಾಕು. ನಾಯಿಗೆಂದು ಮೈಕ್ರೋಸ್ಕೋಪು ಒರೆಸಿ ಸಿದ್ಧ ಇಟ್ಟರೆ ಹಸುವಿಗೂ ಲಾಭ. ಮತ್ತೆ, ನಾಯಿಯ ಗಂಟು ಸಿರಿವಂತರ ಚಿಂತೆ ಎಂಬುದೇ ಸರಿಯಲ್ಲ. ದೊಡ್ಡ ತೋಟದವರು ಕಾರಿನಲ್ಲಿ ಮೈಸೂರಿಗೆ, ಬೆಂಗಳೂರಿಗೆ ಕರೆದೊಯ್ದಾರು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ 260. ಬಸ್ಸಿನಲ್ಲಿ ನಾಯಿ ಕೂರಿಸಿಕೊಂಡು ಹೋಗಲಾಗದ, ಒಂದು ದಿನದ ಕೂಲಿ ಬಿಡಲಾಗದ ಮನೆಯ ನಾಯಿಗೇ ತಾಲ್ಲೂಕಿನಲ್ಲಿ ಪರೀಕ್ಷೆ ಬೇಕಾಗಿರುವುದು. ಆನೆ ಬಂದಾಗ ಮೊದಲು ಬೊಗಳುವುದು, ಚಿರತೆಯ ವಾಸನೆ ಹಿಡಿದು ಕೊಟ್ಟಿಗೆ ಎಚ್ಚರಿಸುವುದು ಆ ನಾಯಿಯೇ. ಹಾಲಿನ ಲೀಟರಿನಲ್ಲಿ ಅದರ ದುಡಿಮೆ ಅಳೆಯಲಾಗದು ಎಂಬ ಮಾತ್ರಕ್ಕೆ ಅದು ದುಡಿಯುತ್ತಿಲ್ಲ ಎಂದಲ್ಲ.

ನಾಯಿಗೆ ಇಷ್ಟೆಲ್ಲ ಮಾಡುವುದು ಪಟ್ಟಣದ, ಹೊರದೇಶದ ಶೋಕಿ ಎಂಬ ಮಾತೂ ಕೇಳಿಬರುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇದಕ್ಕೆ ಸಾಕಷ್ಟು ಉತ್ತರ. ಕ್ರಿ.ಶ. 949–50ರ ಕಾಲದ ಆ ಶಾಸನದಲ್ಲಿ, ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರ ತನ್ನ ಒಡೆಯ ಗಂಗ ಬೂತುಗನಿಂದ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತಾಗ ಅದರ ನೆನಪಿಗೆ ದೇವಾಲಯದ ಎದುರು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ಹಂದಿ, ನಾಯಿಗಳ ಕಾದಾಟದ ಚಿತ್ರವೂ ಇದೆ. ನಾಯಿಯ ಋಣ ಕನ್ನಡ ನಾಡಿಗೆ ಹೊರಗಿನಿಂದ ಬಂದ ಭಾವನೆಯಲ್ಲ.

ಎಲ್ಲ ಆಕ್ಷೇಪಗಳಿಗಿಂತ ಆಳವಾದದ್ದು ಕೊನೆಯದು: ಹೆಸರು ಕೆಟ್ಟದ್ದೇ ಆಗಿದ್ದರೆ ತಿಳಿದು ಏನು ಪ್ರಯೋಜನ? ಕೆಟ್ಟ ಹೆಸರುಗಳು ಇವೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳ ಗುಲ್ಮದಲ್ಲಿ ಬೆಳೆದು ಒಂದು ದಿನ ಒಡೆದು ಒಳಗೇ ರಕ್ತ ಸುರಿಸುವ ಹೆಮಾಂಜಿಯೋಸಾರ್ಕೋಮಾ, ದೊಡ್ಡ ತಳಿಗಳ ಕಾಲಿನ ಮೂಳೆ ತಿನ್ನುವ ಆಸ್ಟಿಯೋಸಾರ್ಕೋಮಾ ಇವುಗಳಲ್ಲಿ ಚಿಕಿತ್ಸೆ ಆಯಸ್ಸಿಗೆ ಸೇರಿಸುವುದು ಸಾಮಾನ್ಯವಾಗಿ ತಿಂಗಳುಗಳನ್ನು, ವರ್ಷಗಳನ್ನಲ್ಲ. ಲಿಂಫೋಮಾಕ್ಕೆ ಚಿಕಿತ್ಸೆ ಕೊಡದಿದ್ದರೆ ನಾಲ್ಕಾರು ವಾರ, ಹಲವು ಔಷಧಗಳ ಕಿಮೊ ಕೊಟ್ಟರೆ ಸುಮಾರು ಒಂದು ವರ್ಷ. ಇದು ಸಣ್ಣ ವ್ಯತ್ಯಾಸವಲ್ಲ, ಆದರೆ ದೂರದೂರಿಗೆ ಮತ್ತೆ ಮತ್ತೆ ಓಡಾಡಬೇಕು, ಖರ್ಚೂ ದೊಡ್ಡದು. ಕಿಮೊ ಬೇಡ ಎಂದು ಮನೆಯವರು ನಿರ್ಧರಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಹೆಸರು ತಿಳಿದು ಬೇಡ ಎನ್ನುವುದಕ್ಕೂ ತಿಳಿಯದೆ ಬಿಡುವುದಕ್ಕೂ ಬಹಳ ಅಂತರವಿದೆ. ತಿಳಿದಾಗ ಮುಂದೇನಾಗುತ್ತದೆ ಎಂಬುದು ಗೊತ್ತಿರುತ್ತದೆ, ನೋವಿಗೆ ಮದ್ದು ಮೊದಲೇ ಸಿದ್ಧವಾಗುತ್ತದೆ. ತಿಳಿಯದ ಮನೆಯಲ್ಲಿ ಕುಂಟುವ ನಾಯಿಗೆ ಯಾರೋ ಐಬುಪ್ರೊಫೆನ್ ಕೊಡುತ್ತಾರೆ, ಡೈಕ್ಲೋಫಿನ್ಯಾಕ್ ಕೊಡುತ್ತಾರೆ. ಮನುಷ್ಯನ ಈ ಮಾತ್ರೆಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ ಕೆಟ್ಟು, ಕ್ಯಾನ್ಸರಿಗಿಂತ ಮೊದಲೇ ಅದು ಸಾಯಬಹುದು. ಪಶುವೈದ್ಯರು ತೂಕ ನೋಡಿ ಕೊಡುವ ನೋವಿನ ಮದ್ದು ಬೇರೆ.

ನಾಯಿಗೆ ತನ್ನ ಕಾಯಿಲೆಯ ಹೆಸರು ಗೊತ್ತಿಲ್ಲ, ನಾಳೆಯ ಭಯವೂ ಇಲ್ಲ. ಇವತ್ತಿನ ನೋವು, ಇವತ್ತಿನ ಹಸಿವು ಮಾತ್ರ ಗೊತ್ತು. ಆದ್ದರಿಂದ ಅದರ ಕೊನೆಯ ದಿನಗಳನ್ನು ಅಳೆಯಬೇಕಾದದ್ದು ನಮ್ಮ ದುಃಖದಿಂದಲ್ಲ, ಅದರ ದಿನಚರಿಯಿಂದ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಇದಕ್ಕೆ ಏಳು ಪ್ರಶ್ನೆಗಳ ಒಂದು ಅಳತೆ ಮಾಡಿದ್ದಾರೆ: ನೋವು ಹಿಡಿತದಲ್ಲಿದೆಯೇ, ತಿನ್ನುತ್ತಿದೆಯೇ, ನೀರು ಸಾಕಾಗುತ್ತಿದೆಯೇ, ಮೈ ಶುಚಿಯಾಗಿದೆಯೇ, ಮನೆಯವರನ್ನು ಕಂಡು ಹಿಗ್ಗುತ್ತದೆಯೇ, ಎದ್ದು ಓಡಾಡುತ್ತದೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ ಕೊಟ್ಟು, ಒಟ್ಟು 35 ದಾಟಿದರೆ ಬದುಕು ಸಹನೀಯ ಎಂದು ಲೆಕ್ಕ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಬರೆದಿಟ್ಟರೆ ‘ಇವತ್ತು ಸ್ವಲ್ಪ ಪರವಾಗಿಲ್ಲ’ ಎಂಬ ಆಸೆಯೂ ‘ಇನ್ನು ಸಾಕು’ ಎಂಬ ದಣಿವೂ ನಮ್ಮನ್ನು ಸುಲಭಕ್ಕೆ ದಾರಿ ತಪ್ಪಿಸಲಾರವು. ದಣಿವೂ ಸುಳ್ಳಲ್ಲ. ದೀರ್ಘ ಕಾಯಿಲೆಯ ಪ್ರಾಣಿಯನ್ನು ನೋಡಿಕೊಳ್ಳುವವರಲ್ಲಿ ಒತ್ತಡ, ಖಿನ್ನತೆಯ ಲಕ್ಷಣಗಳು ಹೆಚ್ಚಿರುತ್ತವೆ ಎಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲೇ ತೋರಿಸಿದ್ದಾರೆ. ‘ನಾಯಿಗಾಗಿ ಇಷ್ಟೊಂದು ಅಳುವುದಾ’ ಎನ್ನುವ ನೆಂಟರು ಇದನ್ನು ತಿಳಿದಿರಬೇಕು. ಆ ಅಳತೆ ಕೆಳಗಿಳಿದು ಮೇಲೇಳದಿದ್ದಾಗ, ಮೊದಲು ನಿದ್ದೆ ಬರಿಸಿ ಆಮೇಲೆ ವೈದ್ಯರು ಕೊಡುವ ದಯಾಮರಣ ಕ್ರೌರ್ಯವಲ್ಲ. ನಾನು ವಿರೋಧಿಸುತ್ತಿರುವುದು ಅದನ್ನಲ್ಲ, ಗಂಟು ಕಂಡ ವಾರವೇ ಹೆಸರಿಲ್ಲದ ಕಾಯಿಲೆಗೆ ಅದನ್ನು ಕೊಡುವುದನ್ನು.

ಹಾಗಾದರೆ ಆಗಬೇಕಾದದ್ದೇನು? ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಕುಶಾಲನಗರ, ಈ ಐದು ತಾಲ್ಲೂಕುಗಳ ಪಶು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನವಾದರೂ ಗಂಟು ಪರೀಕ್ಷೆಯ ಹೊತ್ತು ಗೊತ್ತುಮಾಡಲಿ. ಸ್ಲೈಡಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಹಾಸನದ ಅಥವಾ ಹೆಬ್ಬಾಳದ ಕಾಲೇಜಿನ ರೋಗಶಾಸ್ತ್ರ ವಿಭಾಗಕ್ಕೆ ಕಳಿಸಿ ಅಭಿಪ್ರಾಯ ಪಡೆಯುವ ವ್ಯವಸ್ಥೆಯನ್ನು ಪಶುಪಾಲನಾ ಇಲಾಖೆ ಮತ್ತು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಕೂತು ಮಾತಾಡಿ ಮಾಡಬಹುದು. ವಿನ್‌ಕ್ರಿಸ್ಟಿನ್ ಜಿಲ್ಲಾ ಕೇಂದ್ರದಲ್ಲಿ ಸದಾ ಇರಲಿ, ಅದನ್ನು ಕೊಡುವ ತರಬೇತಿ ಇಬ್ಬರು ವೈದ್ಯರಿಗಾದರೂ ಸಿಗಲಿ. ಜೂನ್‌ನಲ್ಲಿ ಮಳೆ ಹಿಡಿದು ಘಾಟಿಯ ರಸ್ತೆ ಕುಸಿಯುವ ಭಯ ಶುರುವಾದರೆ ಮೈಸೂರು, ಮಂಗಳೂರಿನ ದಾರಿ ಇನ್ನಷ್ಟು ದೂರವಾಗುವುದರಿಂದ ಇದು ಬೇಸಿಗೆಯಲ್ಲೇ ಆಗಬೇಕು. ಮನೆಯವರ ಪಾಲಿನದು ಇದಕ್ಕಿಂತ ಸುಲಭ. ತಿಂಗಳಿಗೊಮ್ಮೆ ಉಣ್ಣೆ ಹೆಕ್ಕುವಾಗ ನಾಯಿಯ ಮೈಯನ್ನೆಲ್ಲ ಕೈಯಾಡಿಸಿ ನೋಡುವುದು, ಮೊಲೆಗಳ ಎರಡೂ ಸಾಲು, ಬಾಯಿಯ ಒಳಗು, ಬಾಲದ ಬುಡ ಬಿಡದೆ. ಗಂಟು ಸಿಕ್ಕರೆ ಪಕ್ಕದಲ್ಲಿ ನಾಣ್ಯವಿಟ್ಟು ಫೋಟೊ ತೆಗೆದು, ದಿನಾಂಕ ಬರೆದು, ಅದೇ ವಾರ ದನದ ಡಾಕ್ಟರ ಬಳಿ ಹೋಗಿ ‘ಸೂಜಿ ಹಾಕಿ ನೋಡಿ’ ಎಂದು ಬಾಯಿಬಿಟ್ಟು ಕೇಳುವುದು. ಕೇಳುವವರು ಹೆಚ್ಚಾದರೆ ಕಪಾಟಿನಲ್ಲಿ ಧೂಳು ಹಿಡಿದ ಮೈಕ್ರೋಸ್ಕೋಪು ಮೇಜಿನ ಮೇಲೆ ಬರುತ್ತದೆ.